ಸೆಟೆದು ನಿಂತ ಬಟ್ಟೆ

ರಾತ್ರಿಯ ಚಳಿಗೆ ಹೆಪ್ಪುಗಟ್ಟಿ ಹಲಗೆಯಂತೆ ಸೆಟೆದಿದೆ ಬಟ್ಟೆ, ಬೆರಳಿನಿಂದ ತಟ್ಟಿದರೆ ಟಕ್ ಟಕ್ ಎನ್ನುತ್ತದೆ, ಪಾತ್ರೆ ಒರೆಸುವ ಈ ಬಟ್ಟೆಯನ್ನು ಮಲಗುವ ಮುನ್ನ ನೆನೆಸಿ ಜಗಲಿಯ ಕಟಕಟೆಯ ಮೇಲೆ ಹರವಿದ್ದಳು ಎರ್ಮೆಲಿಂದಾ, ಪ್ರತಿ ಬೇಸಿಗೆಯಲ್ಲೂ ಹಾಗೆಯೇ, ಅವಳಿಗಿಂತ ಮೊದಲು ಬೆಟ್ಟ ಹತ್ತುವವರ ಈ ತಂಗುಮನೆ ನೋಡಿಕೊಂಡಿದ್ದ ಅಪ್ಪ ಗ್ರಾತೋನೂ ಹಾಗೆಯೇ, ಬಟ್ಟೆ ಸೆಟೆದ್ರೆ ಬೆಟ್ಟ ಮಲಗಿದೆ ಕಣೇ, ಕಲ್ಲಿಗೆ ಕಲ್ಲು ಮಂಜುಗಡ್ಡೇಲಿ ಅಂಟ್ಕೊಂಡಿದೆ, ಬಿಸಿಲು ಬೀಳೋದ್ರೊಳಗೆ ಕೊರಕಲು ದಾಟಿಬಿಡು, ಅನ್ನುತ್ತಿದ್ದ — ಅಪ್ಪನ ಮೀಸೆಯಲ್ಲಿ ಸದಾ ಚೀಸಿನ ವಾಸನೆ, ಆಗೆಲ್ಲ ಆಗಸ್ಟ್‌ನಲ್ಲೂ ಕೊರಕಲಿನ ತುಂಬ ಹಿಮ, ಎರ್ಮೆಲಿಂದಾ ತನ್ನ ಕೂಸು ಒದೀಲಿಯಾಳನ್ನು ಬೆನ್ನಿಗೆ ಕಟ್ಟಿಕೊಂಡು ದಾಟುವಾಗ ಹೆಜ್ಜೆಯಡಿ ಹಿಮ ಕಿರುಗುಟ್ಟುತ್ತಿತ್ತು, ಕೂಸು ನಿದ್ದೆಯಲ್ಲೇ ನಗುತ್ತಿತ್ತು, ಈಗ ಅಲ್ಲಿ ಹಿಮವೇ ಇಲ್ಲ, ಬರೀ ಬೋಳು ಕಂದು ಕಲ್ಲು, ಆ ಕೂಸು ಈಗ ಬೆಟ್ಟ ಹತ್ತಿಸುವ ಗೈಡ್, ಇದೇ ಮೊದಲ ಬೇಸಿಗೆ, ತೊರೀನೋ ಪಟ್ಟಣದಿಂದ ಬಂದ ಗಂಡಹೆಂಡಿರನ್ನು ಹಗ್ಗಕ್ಕೆ ಕಟ್ಟಿಕೊಂಡು ನಸುಕಿನಲ್ಲೇ ಹೊರಟಳು, ಹೊರಡುವ ಮುಂಚೆ ಜಗಳ ಬೇರೆ, ಅಮ್ಮಾ, ನಿನ್ನ ಬಟ್ಟೆಗೆ ಮೇಲಿನ ಚಳಿ ಮಾತ್ರ ಗೊತ್ತು, ಇಷ್ಟು ವರ್ಷದ ಸೆಕೆ ಬಂಡೆ ಒಳಗೆ ಇಳಿದಿದೆ, ಅಲ್ಲಿನ ಮಂಜುಗಡ್ಡೆ ಕರಗ್ತಾ ಇದೆ, ಒಂದು ರಾತ್ರಿ ಚಳಿ ಯಾವ ಮೂಲೆಗೆ ಸಾಕು — ಓಹೋ, ಬಂದ್ಬಿಟ್ರು ದೊಡ್ಡಮನುಷ್ಯರು, ನಿನ್ನಜ್ಜ ಈ ಬಟ್ಟೆ ನಂಬಿ ಮುದುಕ ಆಗೋವರೆಗೂ ಬದುಕಿದ, ಹೋಗೇ ಸಾಕು — ಮಗಳು ಮೆಕ್ಕೆಜೋಳದ ಪೊಲೆಂಟಾ ಬಾಯಲ್ಲಿಟ್ಟುಕೊಂಡೇ ನಕ್ಕಳು, ಆಯ್ತು, ಹೋಗಿ ನೋಡ್ತೀನಿ ಅಂದಳು.

ದುರ್ಬೀನಿನ ಗಾಜಿನ ಮೇಲೆ ಉಸಿರು ಹಬೆಯಾಗಿ ಕೂರುತ್ತದೆ, ಎರ್ಮೆಲಿಂದಾ ಒರೆಸಿದಳು, ಕೊರಕಲು ತೇಲಿ ಹತ್ತಿರ ಬಂತು, ಶಿಖರದ ತುದಿಗೆ ಆಗಲೇ ಗುಲಾಬಿ ಬಣ್ಣ, ಮೆಲ್ಲಗೆ ಇಳಿಯುತ್ತದೆ ಅದು, ಇಷ್ಟು ಹೊತ್ತಿಗೆ ಮಗಳ ಕಿತ್ತಳೆ ಹೆಲ್ಮೆಟ್ ಕೊರಕಲಿನ ನಡುವೆ ಇರಬೇಕು, ಇದೆ, ಅವಳ ಮನಸ್ಸಿನಲ್ಲಿ ಇದೆ, ಪುಟುಪುಟು ಓಡುತ್ತಿದೆ, ಅತ್ತ ಕಡೆ ಸೇರುತ್ತಿದೆ — ಎಲ್ಲಿ, ಇಲ್ಲ, ಇನ್ನೂ ಈಚೆ ಅಂಚಿನಲ್ಲೇ ಇದೆ, ಮಗಳು ಬಂಡೆಗೆ ಅಂಗೈ ಒತ್ತಿ ನಿಂತಿದ್ದಾಳೆ, ಜ್ವರ ನೋಡುವವಳ ಹಾಗೆ, ಹಿಂದೆ ಆ ಗಂಡಹೆಂಡಿರು ಕುಕ್ಕರಗಾಲಲ್ಲಿ, ಏನು ಮಾಡುತ್ತಿದ್ದಾಳೆ ಇವಳು, ಗುಲಾಬಿ ಹೋಗಿ ಹಳದಿ ಬಂತು, ಬಿಸಿಲು ಬಿದ್ದರೆ ಮುಗಿಯಿತು, ವಾಕಿಟಾಕಿ ತಾನಾಗಿ ಕೈಗೆ ಬಂತು, ಒದೀಲಿಯಾ, ಏನೇ ಗರಬಡಿದವಳ ಹಾಗೆ ನಿಂತಿದ್ದೀಯಾ, ದಾಟೇ — ಗರಗರ ಸದ್ದು, ಆಮೇಲೆ ಮಗಳ ಪಿಸುದನಿ, ಅಮ್ಮಾ, ಬಿರುಕೊಳಗೆ ನೀರು ಹರೀತಾ ಇದೆ, ಇಷ್ಟು ಚಳೀಲಿ, ಕೇಳಿಸ್ತಾ ಇದೆ ನಂಗೆ — ನೀರೂ ಇಲ್ಲ ಗೀರೂ ಇಲ್ಲ, ನಾನು ಹೇಳ್ತಿದ್ದೀನಿ, ದಾಟು, ಓಡು, ದಾಟು —

ಮೊದಲು ಸದ್ದೇ ಇಲ್ಲ, ಬೆಟ್ಟದ ಒಂದು ಹೆಗಲು ಕಳಚಿಕೊಂಡಿತು, ಕನಸಿನಲ್ಲಿ ಬೀಳುವಷ್ಟು ನಿಧಾನ, ಬಂಡೆಗಳು ಗಾಳಿಯಲ್ಲಿ ಹೊರಳುತ್ತವೆ, ಒಡೆದ ಮೈಯೆಲ್ಲ ಒದ್ದೆ, ಕಪ್ಪು, ಹೊಳಪು, ಆಮೇಲೆ ಬಂತು ಸದ್ದು, ಕಾಲಡಿಯ ಹಲಗೆ ನಡುಗಿತು, ಅಡುಗೆಮನೆಯಲ್ಲಿ ಬಟ್ಟಲುಗಳು ಉರುಳಿದವು, ಧೂಳು ಎದ್ದು ಕೊರಕಲನ್ನೇ ನುಂಗಿತು, ಮಾತಾಡೇ, ಮಾತಾಡೇ ಮಗಳೇ, ವಾಕಿಟಾಕಿ ಮೂಕ, ಹೆಬ್ಬೆರಳು ಇನ್ನೂ ಗುಂಡಿಯನ್ನು ಒತ್ತಿಯೇ ಇದೆ, ತಾನು ಒತ್ತಿಕೊಂಡಿದ್ದರೆ ಆ ಕಡೆಯ ಮಾತು ಬಾರದು, ಬಿಟ್ಟಳು — ಅಮ್ಮಾ, ಅಮ್ಮಾ, ನಾವು ಈಚೇಲೇ ಇದ್ದೀವಿ, ಯಾರಿಗೂ ಏನೂ ಆಗಿಲ್ಲ, ವಾಪಸ್ ಬರ್ತಿದ್ದೀವಿ, ಅಮ್ಮಾ, ಕೇಳಿಸ್ತಾ — ಕೇಳಿಸಿತು, ಬದುಕಿದ್ದೀಯ ನನ್ನವ್ವಾ, ಎನ್ನಬೇಕು, ಮತ್ತೆ ಗುಂಡಿ ಒತ್ತಬೇಕು, ಧೂಳು ಸರಿಯುತ್ತಿದೆ, ಈಚೆ ಅಂಚಿನಲ್ಲಿ ಮಗಳು ಕೈ ಬೀಸುತ್ತಿರಬೇಕು, ದುರ್ಬೀನನ್ನು ಅತ್ತ ತಿರುಗಿಸಬೇಕು, ಕೈ ತಿರುಗುತ್ತಿಲ್ಲ, ಕೊರಕಲಿನ ನಡುವೆಯೇ ನಿಂತಿದೆ ನೋಟ, ಅಲ್ಲಿ, ಹೊಗೆಯಾಡುವ ಕಲ್ಲುಗಳ ಕೆಳಗೆ, ಅವಳ ಮನಸ್ಸಿನಲ್ಲಿ ಇದೆ, ಅಮ್ಮನ ಮಾತು ಕೇಳಿ ದಾಟಲು ಹೊರಟ ಕಿತ್ತಳೆ ಹೆಲ್ಮೆಟ್, ನಡುವೆ, ಕಿತ್ತಳೆ ಹೆಲ್ಮೆಟ್