ನಿಧಾನಕ್ಕೆ ಹಾಕಿದ ತಟ್ಟೆ

ಕರೆಂಟಕ್ಕ ಕೈಯಾಡಿಸಿದರೆ ಸಾಕು, ಸತ್ತ ರೇಡಿಯೋಗಳು ಎದ್ದು ಕೂತು ಕುಡಿಯಲು ನೀರು ಕೇಳುತ್ತಿದ್ದವು. ಪ್ರಾಯದಲ್ಲಿ ಅವಳು ಅಂಥ ನೂರಾರು ರೇಡಿಯೋಗಳ ಕರುಳು ಬಗೆದು, ತನ್ನ ರಿಪೇರಿ ಅಂಗಡಿಯೊಳಗೆ ಬೀರುವಿನಷ್ಟೆತ್ತರದ ಒಂದು ವಾದ್ಯ ಕಟ್ಟಿದ್ದಳು. ಅದನ್ನು ನುಡಿಸಿದರೆ ಪಕ್ಕದ ಬೀದಿಯ ದೀಪದ ಕಂಬಗಳೂ ತಲೆದೂಗುತ್ತಿದ್ದವು. ಅದರಲ್ಲಿ ಅವಳು ಮಾಡಿದ್ದು ಒಂದೇ ಒಂದು ಆಲ್ಬಂ. ಲೋಕಕ್ಕೆ ಅಷ್ಟೇ ಹೆಚ್ಚಾಯಿತು.

ವಿಷಯವೇನೂ ಘನವಾದದ್ದಲ್ಲ. ಸ್ನಾನ ಅಂದರೆ ಸಾಕು, ಎರಡು ವರ್ಷದ ಮಗಳು ಮೀನಿನ ಹಾಗೆ ನುಣುಚಿಕೊಂಡು ಅಂಗಡಿ ತುಂಬ ಓಡುತ್ತಿದ್ದಳು, ಹಿಂದೆ ತಾಯಿ. ಆ ಓಟವನ್ನೇ ಕರೆಂಟಕ್ಕ ವಾದ್ಯಕ್ಕೆ ಇಳಿಸಿ, ಕೊನೆಗೆ ಮಗುವಿನ ಕಿಲಕಿಲ ನಗುವನ್ನೂ ಮೈಕ್ ಹಿಡಿದು ಸೇರಿಸಿದ್ದಳು.

ಎಡವಟ್ಟಾದದ್ದು ಅಚ್ಚಿನಲ್ಲಿ. ವೇಗವಾಗಿ ತಿರುಗಿಸಬೇಕಾದ ಗ್ರಾಮಫೋನ್ ತಟ್ಟೆ ಅದು. ಮೇಲಿನ ಚೀಟಿಯಲ್ಲಿ ವೇಗ ಎಷ್ಟೆಂದು ಹಾಕುವುದನ್ನೇ ಮರೆತಿದ್ದರು. ಪತ್ರಿಕೆಯ ವಿಮರ್ಶಕರೊಬ್ಬರು ನಿಧಾನಕ್ಕೆ ಹಾಕಿ ಕೇಳಿದರು. ಕೇಳಿ, ಬಕೆಟ್ಟುಗಟ್ಟಲೆ ಅತ್ತು ಬರೆದರು: "ಬೆಟ್ಟಗಳು ಹೆಣ ಹೊತ್ತು ನಡೆದಂತಿದೆ. ಕೊನೆಗೆ ಪಾತಾಳದಲ್ಲಿ ಮುದುಕನೊಬ್ಬ ನರಳುತ್ತಾನೆ. ಅದು ನಾಗರಿಕತೆಯ ಕೊನೆಯುಸಿರು."

ತಪ್ಪು ತಿಳಿಸೋಣವೆಂದು ಕರೆಂಟಕ್ಕ ಫೋನಿಗೆ ಕೈ ಹಾಕಿದ್ದಳು. ಅಷ್ಟರಲ್ಲಿ ವಿಮರ್ಶೆಯನ್ನು ಇನ್ನೊಮ್ಮೆ ಓದಿದಳು ನೋಡಿ, ಕೈ ತಾನಾಗಿ ಹಿಂದೆ ಬಂತು. ಹೊಗಳಿಕೆ ಯಾರಿಗೆ ಕಹಿ? ಅಂದಿನಿಂದ ಬಂದವರಿಗೆಲ್ಲ ತಾನೂ ನಿಧಾನಕ್ಕೇ ಹಾಕಿದಳು. ಅಳುವವರ ಸಾಲು ಮೂರು ಬೀದಿ ದಾಟುತ್ತಿತ್ತು. ಗುಟ್ಟು ರಟ್ಟಾದೀತೆಂದು ಮಗಳಿಗೂ ನಿಜವಾದದ್ದನ್ನು ಕೇಳಿಸಲಿಲ್ಲ. ಆ ಮಗು ಮೇಜಿನ ಕೆಳಗೆ ಸೇರಿಕೊಂಡು, "ಅಮ್ಮಾ, ಆ ತಾತನ್ನ ಕಳಿಸಿಬಿಡು" ಅಂತ ಅಳುತ್ತಿತ್ತು.

ಈಗ ಆ ಮಗಳ ತಲೆಯಲ್ಲೂ ಬೆಳ್ಳಿಗೂದಲು. ಆಲ್ಬಂ ಮತ್ತೆ ಅಚ್ಚು ಹಾಕಲು ಕಂಪನಿಯವನು ಬಂದಿದ್ದ. ಮುನ್ನುಡಿಗೆಂದು, ಈಗ ಹಣ್ಣುಹಣ್ಣಾದ ಅದೇ ವಿಮರ್ಶಕರನ್ನೂ ಕರೆತಂದಿದ್ದ. ಲೋಕದಲ್ಲಿ ಉಳಿದಿದ್ದುದು ಕರೆಂಟಕ್ಕನ ಬಳಿಯ ಒಂದೇ ತಟ್ಟೆ. ಇವತ್ತು ಅದನ್ನು ಯಾವ ವೇಗದಲ್ಲಿ ತನ್ನ ಯಂತ್ರಕ್ಕೆ ಇಳಿಸಿಕೊಳ್ಳುತ್ತಾನೋ, ಮುಂದೆ ಅದೇ ಗತಿ.

"ಶುರು ಮಾಡೋಣ್ವಾ ಅಕ್ಕಾ?"

ಕರೆಂಟಕ್ಕ ಮಗಳ ಕಡೆ ನೋಡಿದಳು. ಆ ಪುಟ್ಟ ಗಂಟಲಿನ ನಗು ಈ ಭೂಮಿಯ ಮೇಲೆ ಉಳಿದಿರುವುದು ಆ ತಟ್ಟೆಯ ಗೆರೆಗಳಲ್ಲಿ ಮಾತ್ರ. ಇಂದು ಬಾಯಿ ಮುಚ್ಚಿಕೊಂಡರೆ ಅದು ಮುದುಕನ ನರಳಾಟವಾಗಿಯೇ ಸಾಯುತ್ತದೆ.

"ಸ್ವಲ್ಪ ತಡಿಯಪ್ಪ" ಎಂದು ವೇಗದ ಗುಂಡಿ ತಿರುಗಿಸಿದಳು.

ಬೆಟ್ಟಗಳು ಹೆಣ ಬಿಸಾಕಿ ಓಟ ಕಿತ್ತವು. ಕುರ್ಚಿ ಸಂದಿಯಲ್ಲಿ ನುಸುಳಿ, ಡಬ್ಬ ಉರುಳಿಸಿ, ಬಾಗಿಲ ತನಕ ಹೋಗಿ ತಿರುಗಿದವು. ನಾಗರಿಕತೆಯ ಕೊನೆಯುಸಿರು ಕಿಲಕಿಲನೆ ನಕ್ಕುಬಿಟ್ಟಿತು.

ವಿಮರ್ಶಕರ ಕನ್ನಡಕ ಮೂಗಿನ ತುದಿಗೆ ಜಾರಿತು. "ಏನಮ್ಮಾ ಇದು?"

"ನಾನು ಮಾಡಿದ್ದು ಇದೇ ಸಾರ್. ನನ್ನ ಮಗಳು. ಸ್ನಾನಕ್ಕೆ ಬರಲ್ಲ ಅಂತ ಓಡ್ತಿದ್ದಾಳೆ."

"ಹಾಗಾದ್ರೆ ಇಷ್ಟು ವರ್ಷ ನಾನು ಅತ್ತಿದ್ದು?"

"ಕಣ್ಣಿಗೆ ಒಳ್ಳೇದು ಬಿಡಿ ಸಾರ್."

ಅವರು ಕೋಲು ಕುಟ್ಟಿದ ರಭಸಕ್ಕೆ ಶೆಲ್ಫಿನಲ್ಲಿದ್ದ ಏಳು ರೇಡಿಯೋ ತಾವಾಗಿ ಹಾಡತೊಡಗಿದವು. "ಇದಕ್ಕೆ ಮುನ್ನುಡಿ ಬೇರೆ ಕೇಡು! ಇದು ಸಂಗೀತ ಅಲ್ಲ, ಮಕ್ಕಳ ರಂಪ!" ಎಂದು ಹೊರಟೇಹೋದರು.

ಕಂಪನಿಯವನು ಇಂಗು ತಿಂದ ಮಂಗನಾದ. "ಅವರ ಮಾತಿಲ್ಲದೆ ಯಾರು ಕೊಳ್ತಾರಕ್ಕಾ? ನಿಧಾನದ್ದೇ ಇರಲಿ."

ಆ ಹೊಗಳಿಕೆ ಹೊಸ್ತಿಲು ದಾಟಿ ಹೋದದ್ದನ್ನು ಕರೆಂಟಕ್ಕ ಒಂದು ಗಳಿಗೆ ನೋಡಿದಳು. ಎದೆ ಚುರ್ರೆಂದಿತು, ಸುಳ್ಳೇಕೆ? ಆದರೂ ಅಂದಳು: "ಕೊಳ್ಳದಿದ್ರೆ ಬೇಡ. ಓಡೋದನ್ನೇ ಇಳಿಸ್ಕೊ."

ಮಗಳು ಮುಳ್ಳನ್ನು ಎತ್ತಿ ಹಿಂದಕ್ಕಿಟ್ಟು ಆ ನಗುವನ್ನು ಇನ್ನೊಮ್ಮೆ ಕೇಳಿದಳು. ಆಮೇಲೆ ಮೆಲ್ಲಗೆ, "ಅಮ್ಮಾ, ಅವತ್ತು ನಾನು ಕೊನೆಗೆ ಸಿಕ್ಕಿದ್ನಾ?"

"ಎಲ್ಲಿ ಸಿಕ್ಕಿದೆಯೇ! ಓಡಿ ಓಡಿ ಸುಸ್ತಾಗಿ, ಆ ಕೊಳಕು ಮೈಯಲ್ಲೇ ನನ್ನ ತೊಡೆ ಮೇಲೆ ನಿದ್ದೆ ಹೋದೆ."