ಭಾನುವಾರ ಇಲ್ಲದ ಕ್ಯಾಲೆಂಡರ್

"ಸುಳ್ಳು!" ಬಾಯಲ್ಲಿದ್ದ ಚಹಾ ನುಂಗುವ ಮೊದಲೇ ಕೂಗಿ ಬೈಂಡರಕ್ಕ ಕೆಮ್ಮಿದಳು. "ಕದಿಯೋಕೆ ಹೋದ ಮನೇಲೇ ಮಲಗಿ ಯಾವ ಕಳ್ಳ ಗೊರಕೆ ಹೊಡೀತಾನೆ?"

"ಹೊಡೆದಿದಾನೆ, ನೋಡಿ," ಎಂದು ಪೇಪರನ್ನು ಅವಳ ಮೂಗಿನ ಮುಂದೆ ಹಿಡಿದ ಕಾಗುಣಿತ. "ಎಬ್ಬಿಸಿದ್ರೆ 'ಇನ್ನೈದು ನಿಮಿಷ ಅಮ್ಮಾ' ಅಂದನಂತೆ. ಲೋಟ ನಿಮ್ದು ಅಕ್ಕಾ."

ಚಹಾದ ಹೊತ್ತಿಗೆ ಆ ಮುದ್ರಣಾಲಯದಲ್ಲಿ ನಡೆಯುವ ಆಟ ಅದು. ಒಬ್ಬರು ವಿಚಿತ್ರ ಸುದ್ದಿ ಹೇಳಬೇಕು, ಉಳಿದವರು ನಿಜವೋ ಸುಳ್ಳೋ ಅನ್ನಬೇಕು. ಕೊನೆಯ ಸುದ್ದಿಗೆ ತಪ್ಪು ಹೇಳಿದವರು ಲೋಟ ತೊಳೆಯಬೇಕು. ಯಾರೂ ತಪ್ಪದಿದ್ದರೆ ಸುದ್ದಿ ತಂದವರೇ ತೊಳೆಯಬೇಕು. ಪ್ರೂಫ್ ತಿದ್ದುವವನಿಗೆ ಕಾಗುಣಿತ ಎಂದು ಹೆಸರಿಟ್ಟವಳು ಪುಸ್ತಕ ಹೊಲಿಯುವ ಬೈಂಡರಕ್ಕನೇ. ತನ್ನ ಮನೆಯಲ್ಲಿ ಟಿವಿ ಇಲ್ಲ ಎಂದು ದಿನಕ್ಕೊಮ್ಮೆ ಹೇಳದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. ಕಾಗದ ಕತ್ತರಿಸುವ ಯಂತ್ರದವನು ಚಾನೆಲ್. ರಾತ್ರಿಯ ಟಿವಿಯೆಲ್ಲ ಬೆಳಿಗ್ಗೆ ಅವನ ಬಾಯಲ್ಲಿ ಮರುಪ್ರಸಾರವಾಗುತ್ತಿತ್ತು.

ಚಾನೆಲ್‌ನ ಹೊಸ ಸಾಧನೆ ಗೋಡೆಯ ಮೇಲೆ ತೂಗುತ್ತಿತ್ತು. ಹೋದ ವಾರ ಅಳತೆ ತಪ್ಪಿ ಕ್ಯಾಲೆಂಡರಿನ ಎಡಗಡೆಯ ಭಾನುವಾರಗಳನ್ನೆಲ್ಲ ಅವನು ಕತ್ತರಿಸಿ ಹಾಕಿದ್ದ. ಇಡೀ ಕಟ್ಟು ರದ್ದಿಗೆ ಹೋಗಿತ್ತು. ಇನ್ನೊಂದು ತಪ್ಪಾದರೆ ಮನೆಗೆ ಹೋಗು ಎಂದು ಯಜಮಾನರು ಹಾರಾಡಿದ್ದರು. "ವರ್ಷಪೂರ್ತಿ ರಜಾ ಇಲ್ಲ, ಯಜಮಾನರು ಖುಷಿಪಡ್ತಾರೆ ಅಂದ್ಕೊಂಡೆ," ಎಂದು ಅವನು ನಗಿಸಿದ್ದ.

"ಈಗ ನಂದು," ಎಂದ ಚಾನೆಲ್. ಕಣ್ಣು ಕೆಂಪಾಗಿತ್ತು, ಕಾಲು ಒಂದೇ ಸಮನೆ ಕುಣಿಯುತ್ತಿತ್ತು. "ಒಬ್ಬ ಮನುಷ್ಯ. ಮನೇಲಿ ರಾತ್ರಿಯೆಲ್ಲ ಟಿವಿ ಹಾಕಿರ್ತಾನೆ. ಕೊನೇ ಸುದ್ದಿ ಓದೋಳು 'ನಮಸ್ಕಾರ, ಮತ್ತೆ ಸಿಗೋಣ' ಅಂದಳಂತೆ. ಇವನು ಎದ್ದು, 'ಹುಷಾರಾಗಿ ಹೋಗಮ್ಮಾ' ಅಂತ ಬಾಗಿಲವರೆಗೂ ಹೋಗಿ ಚಿಲಕ ಹಾಕ್ಕೊಂಡು ಬಂದನಂತೆ."

ಬೈಂಡರಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಬ್ಬರೂ ಒಟ್ಟಿಗೇ ಕೂಗಿದರು: "ಸುಳ್ಳು!"

"ಸುಳ್ಳೇ," ಎಂದು ಚಾನೆಲ್ ಲೋಟಗಳನ್ನು ಎತ್ತಿಕೊಂಡು ಹೋದ.

"ಹೆಂಡತಿ ತವರಿಗೆ ಹೋಗಿದಾಳೆ ಅಂತಾನೆ," ಎಂದು ಬೈಂಡರಕ್ಕ ದನಿ ತಗ್ಗಿಸಿದಳು. "ಅವಳು ಅಲ್ಲೇ ಕೆಲಸಕ್ಕೆ ಸೇರಿದಾಳಂತೆ ಕಣೋ. ಬರೋ ಹಾಗೆ ಕಾಣಲ್ಲ."

ಕಾಗುಣಿತನ ನಗು ಅರ್ಧಕ್ಕೇ ನಿಂತಿತು. ಚಿಲಕ ಹಾಕಿಕೊಂಡು ಬಂದ ಮನುಷ್ಯ ಯಾರೆಂದು ಅವನಿಗೆ ಆಗ ಹೊಳೆಯಿತು.

ಸ್ವಲ್ಪ ಹೊತ್ತಿನ ಮೇಲೆ ತಿದ್ದಿದ ಹಾಳೆ ಹಿಡಿದು ಅವನು ಯಂತ್ರದ ಕಡೆ ಹೋದ. ಆ ಯಂತ್ರಕ್ಕೆ ಎಡಕ್ಕೊಂದು, ಬಲಕ್ಕೊಂದು ಗುಂಡಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಲಗು ಇಳಿಯುತ್ತದೆ. ಎರಡು ಕೈಯೂ ಗುಂಡಿಗಳ ಮೇಲಿದ್ದರೆ ಅಲಗಿನ ಕೆಳಗೆ ಕೈ ಇರುವುದಿಲ್ಲ. ಚಾನೆಲ್ ಎಡಗಡೆಯ ಗುಂಡಿಯನ್ನು ಒತ್ತಿಟ್ಟು, ಅದರ ಮೇಲೆ ಟೇಪು ಸುತ್ತಿದ್ದ. ಎಡಗೈಯಲ್ಲಿ ಕಾಗದ ಸರಿಪಡಿಸುತ್ತ ಬಲಗೈಯಲ್ಲಿ ಒತ್ತುತ್ತಿದ್ದ. ಕಣ್ಣುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಕಾಗುಣಿತ ಹಾಳೆಯನ್ನು ಪಕ್ಕಕ್ಕಿಟ್ಟ.

"ಏನೋ ಇದು? ಟೇಪ್ ತೆಗಿ."

"ಬೇಗ ಆಗುತ್ತೆ ಕಣೋ. ಹೋದ ವಾರದ ನಷ್ಟ ತುಂಬ್ಕೊಡಬೇಡ್ವಾ? ನೀನು ನಿನ್ನ ಕೊಂಬು, ದೀರ್ಘ ನೋಡ್ಕೋ ಹೋಗು."

ಯಜಮಾನರಿಗೆ ಹೇಳಿದರೆ ಅವನ ಕೆಲಸ ಹೋಗುತ್ತದೆ. ಹೇಳದಿದ್ದರೆ ಕೈ ಹೋಗುತ್ತದೆ. ಕಾಗುಣಿತ ಮೇಜಿಗೆ ಮರಳಿ ಒಂದೇ ಸಾಲನ್ನು ಮತ್ತೆ ಮತ್ತೆ ಓದಿದ. ಆ ಕಡೆ ಅಲಗು ಧಡ್ ಎಂದಾಗಲೆಲ್ಲ ಎದ್ದು ಇಣುಕಿದ. ಚಾನೆಲ್‌ನ ಬೈಗುಳ ಕೇಳಿಸಿದರೆ ಸಮಾಧಾನ, ಸುಮ್ಮನಿದ್ದರೆ ಭಯ. ಸಿಟ್ಟು ಚಾನೆಲ್ ಮೇಲೋ, ಅವನ ಹೆಂಡತಿಯ ಮೇಲೋ, ಬೆಳಿಗ್ಗೆ ಸುಳ್ಳು ಎಂದು ಕೂಗಿದ ತನ್ನ ಮೇಲೋ, ಅವನಿಗೇ ತಿಳಿಯಲಿಲ್ಲ. ಅಂತೂ ಮಧ್ಯಾಹ್ನದ ಚಹಾ ಬಂತು. ಈ ಸಲ ಕಾಗುಣಿತ ಪೇಪರನ್ನು ಮಡಚಿ ಕುರ್ಚಿಯ ಕೆಳಗಿಟ್ಟ.

"ನಾನು ಶುರುಮಾಡ್ತೀನಿ," ಎಂದ. "ಒಬ್ಬ ಮನುಷ್ಯ. ಅವನ ಮನೇಲಿ ಟಿವಿ ಕೆಟ್ಟುಹೋಗಿದೆ. ರಾತ್ರಿ ಸುದ್ದಿ ನೋಡದೆ ಅವನಿಗೆ ನಿದ್ದೆ ಹತ್ತಲ್ಲ. ಅದಕ್ಕೆ ಇವತ್ತು ಹಾಸಿಗೆ ಸುತ್ತಿಕೊಂಡು ಸ್ನೇಹಿತನ ಮನೆಗೆ ಹೊರಟಿದಾನೆ. ಸುದ್ದಿ ಓದೋಳು ನಮಸ್ಕಾರ ಹೇಳಿದ ಮೇಲೆ ಚಿಲಕ ತಾನೇ ಹಾಕ್ತಾನಂತೆ. ಸ್ನೇಹಿತ ಮಲಗಲಿ ಅಂತ."

"ಸುಳ್ಳು, ಸುಳ್ಳು!" ಬೈಂಡರಕ್ಕ ತೊಡೆ ತಟ್ಟಿದಳು. "ನಿನ್ನ ಮನೇಲಿ ಟಿವಿ ಎಲ್ಲಿದೆಯೋ ಕೆಡೋಕೆ?" ಆಮೇಲೆ ಇಬ್ಬರ ಮುಖವನ್ನೂ ನೋಡಿದಳು.

ಚಾನೆಲ್‌ನ ಕಾಲು ಕುಣಿಯುವುದು ನಿಂತಿತ್ತು. ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಿದ್ದ.

"ಗೊರಕೆ ಹೊಡೀತಾನಾ ಅವನು?" ಎಂದು ಕೇಳಿದ.

"ಸುದ್ದೀಲಿ ಅದು ಬಂದಿಲ್ಲ. ನೀನು ಹೇಳು. ನಿಜನೋ, ಸುಳ್ಳೋ?"

ಚಾನೆಲ್ ಲೋಟ ಕೆಳಗಿಟ್ಟ. "ನಿಜ," ಎಂದ.

"ಸೋತೆ ಕಣೋ," ಎಂದಳು ಬೈಂಡರಕ್ಕ, ಮೆಲ್ಲಗೆ. "ಲೋಟ ನಿಂದೇ."

ಅವನು ಎದ್ದು ಮೊದಲು ಯಂತ್ರದ ಹತ್ತಿರ ಹೋದ. ಉಗುರಿನಿಂದ ಕೆರೆದು ಕೆರೆದು ಟೇಪು ಕಿತ್ತ. ಗುಂಡಿ ಟಕ್ ಎಂದು ಮೇಲೆದ್ದಿತು. ಮರಳಿ ಬಂದು ಮೂರೂ ಲೋಟಗಳನ್ನು ಎತ್ತಿಕೊಂಡು ನಲ್ಲಿಯ ಕಡೆ ನಡೆದ. ಟೇಪಿನ ಚೂರೊಂದು ಅವನ ಎಡಗೈ ಹೆಬ್ಬೆರಳಿಗೆ ಅಂಟಿಕೊಂಡಿತ್ತು. ಕೊಡವಿದರೂ ಬೀಳಲಿಲ್ಲ. ಹಾಗೆಯೇ ಎರಡು ಕೈಗಳನ್ನೂ ನೀರಿಗೆ ಒಡ್ಡಿ ಅವನು ಬಹಳ ಹೊತ್ತು ನಿಂತಿದ್ದ.