ಸಂದೇಹ ಗುರುತಿನ ಪುಟ

ಮೊದಲ ವಾಕ್ಯ ಯಾರಿಗೆ ಸೇರಬೇಕು ಎಂಬುದೇ ಇನ್ನೂ ಇತ್ಯರ್ಥವಾಗಿಲ್ಲ. ಪುಟ ಅಳಿಸಿದವನಿಗೋ, ಅದನ್ನು ಬರೆದವರಿಗೋ? ಅಳಿಸಿದವನಿಂದ ಶುರು ಮಾಡಿದರೆ ನೀವು ಅವನ ಪಕ್ಷ ಸೇರಿಬಿಡುತ್ತೀರಿ. ಓದುಗರ ಚಾಳಿಯೇ ಅದು, ಮೊದಲು ಎದುರಾದವನ ಹೆಗಲ ಮೇಲೆ ಕೈ ಹಾಕುತ್ತೀರಿ.

೧

ಹಾಗಾಗಿ ಪುಟದಿಂದಲೇ ಶುರು. ಪ್ರಯೋಗಾಲಯಗಳಲ್ಲಿ ತೂಕ ದಾಖಲಿಸುವ ಒಂದು ಸಾಫ್ಟ್‌ವೇರ್. ತಕ್ಕಡಿ ತೋರಿಸಿದ ಅಂಕಿಯನ್ನು ಟೈಪ್ ಮಾಡಿ, ಬೇಕಾದರೆ ಪಕ್ಕದ ಚೌಕದಲ್ಲೊಂದು ಗುರುತು ಹಾಕಬಹುದಿತ್ತು. ಓದಿದ್ದೇನೆ, ಆದರೆ ಖಾತ್ರಿಯಿಲ್ಲ ಎಂದು ಅದರ ಅರ್ಥ. ಫ್ಯಾನಿನ ಗಾಳಿಗೆ ತಕ್ಕಡಿ ಅಲುಗಿರಬಹುದು, ಬಟ್ಟಲಿನ ತಳ ಒದ್ದೆಯಿದ್ದಿರಬಹುದು. ಅದರ ಹೆಸರು ಸಂದೇಹ ಗುರುತು. ಈಗ ತಕ್ಕಡಿಯೇ ನೇರವಾಗಿ ಕಂಪ್ಯೂಟರಿಗೆ ಅಂಕಿ ಕಳಿಸುತ್ತದೆ. ಹೊಸ ಆವೃತ್ತಿಯಲ್ಲಿ ಸಂದೇಹಕ್ಕೆ ಜಾಗವಿಲ್ಲ.

(ಈ ಕೊನೆಯ ವಾಕ್ಯ ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಇಂಥ ವಾಕ್ಯಗಳಿಂದಲೇ ಕತೆಗಳು ಕೆಡುವುದು. ಇರಲಿ ಬಿಡಿ.)

೨

ಆ ಸಾಫ್ಟ್‌ವೇರಿನ ಆನ್‌ಲೈನ್ ಕೈಪಿಡಿ ನೋಡಿಕೊಳ್ಳುವುದು ಪುಟ ಅಳಿಸಿದವನ ಕೆಲಸ. ಕೆಲಸ ಕೊಡಿಸಿದವರು ಅವನ ಅತ್ತಿಗೆ. ಅದೇ ಕಂಪನಿಯ ತರಬೇತಿ ವಿಭಾಗದವರು. ಹಳೆಯ ಆವೃತ್ತಿಯನ್ನು ಇನ್ನೂ ಬಿಡದ ಪ್ರಯೋಗಾಲಯಗಳಿಗೆ ಹೋಗಿ ಕಲಿಸುತ್ತಾರೆ. ಸಂದೇಹ ಗುರುತಿನ ಪುಟ ಬರೆದವರೂ ಅವರೇ. ಪಾಠ ಮಾಡುವಾಗ ಆ ಪುಟವನ್ನೇ ಗೋಡೆಯ ಮೇಲೆ ತೆರೆದಿಡುತ್ತಾರೆ.

ಮೀಟಿಂಗಿನಲ್ಲಿ ಅವನ ವಿಭಾಗದ ಮುಖ್ಯಸ್ಥೆ ಮೇಡಂ ಕೇಳಿದರು, "ಈ ಪುಟಾನ ಯಾರಾದ್ರೂ ನೋಡ್ತಾರಾ, ಇಲ್ಲ ಸುಮ್ನೆ ಜಾಗ ತಿಂತಿದೆಯಾ?"

ಎಲ್ಲರೂ ಅವನ ಕಡೆ ತಿರುಗಿದರು. 'ನಮ್ಮ ಅತ್ತಿಗೆ ನೋಡ್ತಾರೆ' ಎಂದರೆ ಮುಗಿಯಿತು. ಸಾಫ್ಟ್‌ವೇರಿನ ತಪ್ಪು ಹುಡುಕುವ, ಪಕ್ಕದ ಕುರ್ಚಿಯ ಟೆಸ್ಟರ್ ಅವನಿಗೆ 'ಅತ್ತಿಗೆ ಕೋಟಾ' ಎಂದು ಹೆಸರಿಟ್ಟು ಬಹಳ ಕಾಲವಾಗಿತ್ತು. ಟೆಸ್ಟರನ ತುಟಿಯಂಚಿನಲ್ಲಿ ನಗು ಆಗಲೇ ತಯಾರಿತ್ತು.

"ಇಲ್ಲ ಮೇಡಂ. ಯಾರೂ ನೋಡಲ್ಲ."

೨ (ಮತ್ತೆ)

ಕಚೇರಿಯ ಪದ್ಧತಿ ಹೀಗಿತ್ತು: ಪುಟ ತೆಗೆಯುವ ಮೊದಲು ಅದರ ನೆತ್ತಿಯ ಮೇಲೆ 'ಇದು ಬಳಕೆಯಲ್ಲಿಲ್ಲ' ಎಂಬ ಪಟ್ಟಿ ಅಂಟಿಸಿ ಮುಂದಿನ ಆವೃತ್ತಿ ಬರುವವರೆಗೆ ಬಿಡಬೇಕು. ಅವನು ಅಂಟಿಸಲಿಲ್ಲ. ಪುಟ ಅಳಿಸಿದರೆ, ಅದನ್ನು ಹಿಂಬಾಲಿಸುವವರಿಗೆಲ್ಲ, ಎಂದರೆ ಅತ್ತಿಗೆಗೂ, ತಾನಾಗಿಯೇ ಮೇಲ್ ಹೋಗುತ್ತದೆ. ಹೋಗಬಾರದೆಂದರೆ 'ಸಣ್ಣ ತಿದ್ದುಪಡಿ' ಎಂಬ ಚೌಕಕ್ಕೆ ಗುರುತು ಹಾಕಬೇಕು. ಅಲ್ಪವಿರಾಮ ಸರಿಪಡಿಸುವಾಗ ಹಾಕುವ ಗುರುತದು.

ಅವನು ಅದನ್ನು ಹಾಕಿ ಇಡೀ ಪುಟ ಅಳಿಸಿದ.

"ನನ್ನನ್ನ ಯಾಕ್ರೀ ಹೀಗೆ ಬರೀತೀರಿ?" ಎಂದು ಅವನು ಇಲ್ಲಿ ನನ್ನ ಮೇಲೆ ರೇಗಿದ. "ಮೇಲ್ ವಿಷಯ ಮರ್ತುಹೋಯ್ತು ಅಂತ ಬರೀರಿ. ಮರೆವು ಯಾರಿಗೆ ಇಲ್ಲ?"

"ನೋಡ್ಕೊಂಡೇ ಹಾಕಿದೆಯಲ್ಲಪ್ಪ."

"ನೀವು ಹಾಕಿಸಿದ್ರಿ!"

(ಮುಂದಕ್ಕೆ ಹೋಗೋಣ.)

೪

ಮೂರನೆಯದನ್ನು ಹರಿದು ಹಾಕಿದ್ದೇನೆ. ಅದರಲ್ಲಿ ಅತ್ತಿಗೆಯನ್ನು ಜಗಳಗಂಟಿ ಮಾಡಿದ್ದೆ, ಅವನಿಗೆ ಅನುಕೂಲವಾಗಲಿ ಎಂದು. ಎರಡು ಸಾಲು ಬೈದು, ಮೂರನೆಯ ಸಾಲಿಗೆ ಬೈಗುಳವೇ ಬಾರದೆ ಅವರು ಡ್ರಾಫ್ಟಿನಿಂದ ಎದ್ದುಹೋದರು. ನಿಜವಾಗಿ ಅವರು ಫೋನ್ ಮಾಡಿದ್ದು ಹೀಗೆ:

"ಏ ಪುಣ್ಯಾತ್ಮ, ನನ್ನ ಪುಟ ಎಲ್ಲೋ? ರೂಮು ತುಂಬ ಜನ ಕೂತಿದ್ದಾರೆ, ಗೋಡೆ ಮೇಲೆ 'ಪುಟ ಸಿಗಲಿಲ್ಲ' ಅಂತ ಇಷ್ಟು ದಪ್ಪ ಅಕ್ಷರದಲ್ಲಿ ಬರ್ತಿದೆ. 'ಮೇಡಮ್ಮಿಗೇ ಬರಲ್ಲ, ನಮಗೇನು ಕಲಿಸ್ತಾರೆ' ಅಂತ ಹಿಂದಿನ ಸಾಲಲ್ಲಿ ಒಬ್ಬ ಅಂದೂ ಆಯ್ತು."

"ಸರ್ವರ್ ತೊಂದರೆ ಇರ್ಬೇಕು ಅತ್ತಿಗೆ."

"ಹೌದಾ? ಸರಿ, ನೀನು ಗಾಬರಿ ಆಗ್ಬೇಡ."

ಆಮೇಲೆ ಫೋನನ್ನು ಸ್ವಲ್ಪ ದೂರ ಹಿಡಿದು ಅವರು ಕೋಣೆಗೆ ಹೇಳಿದ್ದು ಅವನಿಗೆ ಕೇಳಿಸಿತು: "ಸರ್ವರ್ ಕೈಕೊಟ್ಟಿದೆಯಂತೆ. ನಮ್ಮ ಮೈದುನ ನೋಡ್ಕೋತಾನೆ, ಅವನು ಭಾಳ ಅಚ್ಚುಕಟ್ಟು." ಯಾರೋ ನಕ್ಕರು. ಅತ್ತಿಗೆಯೂ ನಕ್ಕರು, ಒಂದಿಷ್ಟು ತಡವಾಗಿ.

ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ಟೆಸ್ಟರ್ ನೋಡುತ್ತಿದ್ದಾನೇನೋ ಎಂದು ತಿರುಗಿದ. ಇಲ್ಲ, ಅವನು ಬಿಸ್ಕತ್ತು ತಿನ್ನುತ್ತಿದ್ದ. ಯಾರೂ ನೋಡುತ್ತಿರಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಮುಕ್ತಾಯ (ಅ)

ಅವನು ಪುಟವನ್ನು ಸದ್ದಿಲ್ಲದೆ ವಾಪಸ್ ತರುತ್ತಾನೆ. ಅತ್ತಿಗೆಗೆ ಎಂದೂ ತಿಳಿಯುವುದಿಲ್ಲ. (ಹೊಡೆದುಹಾಕಿದೆ. ವಾಪಸ್ ತರುವಾಗಲೂ ಅವನ ಕೈ 'ಸಣ್ಣ ತಿದ್ದುಪಡಿ' ಚೌಕದ ಕಡೆಗೇ ಹೋಯಿತು.)

ಮುಕ್ತಾಯ (ಆ)

ಅತ್ತಿಗೆ ಪುಟದ ತಿದ್ದುಪಡಿ ಇತಿಹಾಸ ತೆರೆದು ಅವನ ಹೆಸರು ನೋಡಿ, ಏನೂ ಹೇಳದೆ ಸುಮ್ಮನಾಗುತ್ತಾರೆ. (ಇದೂ ಬೇಡ. ಹೆಂಗಸರನ್ನು ಸುಮ್ಮನಾಗಿಸಿ ಗಂಭೀರವಾಗಿ ಕತೆ ಮುಗಿಸುವ ಸುಲಭ ದಾರಿ ನನಗೂ ಗೊತ್ತಿದೆ.)

ಮುಕ್ತಾಯ (ಇ)

ಸಂಜೆ. ಅತ್ತಿಗೆ ಪ್ರಯೋಗಾಲಯದಿಂದ ನೇರ ಕಚೇರಿಗೆ ಬಂದು ಅವನ ಮೇಜಿನ ಮುಂದೆ ನಿಂತಿದ್ದಾರೆ. ಪುಟವಿಲ್ಲದೆ ಬೋರ್ಡಿನ ಮೇಲೆ ಬರೆದು ಬರೆದು ಬೆರಳ ತುಂಬ ಮಾರ್ಕರ್ ಮಸಿ.

"ಸರ್ವರ್ ಏನಾಗಿತ್ತೋ? ನಾಳೆ ಇನ್ನೊಂದು ಕಡೆ ಕ್ಲಾಸಿದೆ. ಪುಟ ಇರತ್ತೆ ತಾನೇ?"

ಟೆಸ್ಟರ್ ತಲೆ ಎತ್ತಿದ. ಮೈದುನ ಬಾಯಿ ತೆರೆದ.

"ಬರೀರಿ," ಎನ್ನುತ್ತಿದ್ದಾನೆ ನನಗೆ. "ನಿಜ ಹೇಳಿದ ಅಂತ ಬರೀರಿ, ನಿಮ್ಮ ದಮ್ಮಯ್ಯ. ನೀವು ಬರೆದ್ರೆ ಹೇಳಿದ ಹಾಗೇ ಆಯ್ತಲ್ಲ."

ಆಗುವುದಿಲ್ಲ. ನಾನು ಬರೆದರೆ ನೀವು ಓದುಗರು ಅವನನ್ನು ಕ್ಷಮಿಸಿ ಪುಟ ಮಗುಚುತ್ತೀರಿ, ನಾನು ಪೆನ್ನಿನ ಮುಚ್ಚಳ ಹಾಕುತ್ತೇನೆ, ಅವನು ಮಾತ್ರ ಏನೂ ಹೇಳದೆಯೇ ಮನೆಗೆ ಹೋಗುತ್ತಾನೆ. ಆ ಮಾತನ್ನು ಅವನೇ ಆಡಬೇಕು, ಟೆಸ್ಟರ್ ಕೇಳುವ ಹಾಗೆ.

ಅತ್ತಿಗೆ ಇನ್ನೂ ಹೆಗಲಿನಿಂದ ಚೀಲ ಇಳಿಸಿಲ್ಲ.